ಪರದೆಯ ಹಿಂದೆ ಹೇಳಿದ್ದು

ಅವ್ವನನ್ನು ವಿಮಾನದಲ್ಲಿ ಕಾಶಿಗೆ ಕರೆದೊಯ್ಯಬೇಕೆಂಬ ಹಟ ಬಾಬಾಸಾಹೇಬನಿಗೆ ಹುಟ್ಟಿದ್ದು ಅವ್ವನ ಮೇಲಿನ ಪ್ರೀತಿಯಿಂದ ಎಂದರೆ ಪೂರ್ತಿ ಸುಳ್ಳಾಗುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಎದುರು ಮನೆಯ ಜಿನೇಂದ್ರ. ಅವನು ದೀಪಾವಳಿ ಮುಗಿಯುತ್ತಲೇ ತನ್ನ ತಂದೆತಾಯಿಯನ್ನು ವಿಮಾನ ಹತ್ತಿಸಿ ಜೈನರ ಶಿಖರ್ಜಿ ಯಾತ್ರೆ ಮಾಡಿಸಿಕೊಂಡು ಬಂದಿದ್ದ. ಬಂದವನು ಸುಮ್ಮನಿರದೆ ಆ ಫೋಟೋಗಳನ್ನು ಊರಿಗೆಲ್ಲ ತೋರಿಸಿದ್ದ. ಕಾಗವಾಡ ತಾಲೂಕಿನ ಆ ಹಳ್ಳಿಯಲ್ಲಿ ದ್ರಾಕ್ಷಿ ಪಡವೂ ಕಬ್ಬೂ ಎರಡೂ ಇರುವ ಬಾಬಾಸಾಹೇಬ ಅವನಿಗಿಂತ ಹಿಂದೆ ಬೀಳುವ ಪೈಕಿಯಲ್ಲ.

"ಬೇದಾಣಿ ಕೆಲಸ ಸುರು ಆಗೂದರಾಗ ಹೋಗಿ ಬಂದಬಿಡೂನು ಅವ್ವಾ" ಎಂದ. ದ್ರಾಕ್ಷಿ ಒಣಗಿಸಿ ಬೇದಾಣಿ ಮಾಡುವ ಕೆಲಸ ಸುರುವಾದರೆ ಆ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತು ಇರುವುದಿಲ್ಲ.

"ನನಗ್ಯಾಕೋ ಬಾಬಾ ಕಾಶಿ? ಇಲ್ಲೇ ಕೃಷ್ಣಾ ಹೊಳಿ ಐತಿ" ಎಂದಳು ಲಕ್ಕವ್ವ.

"ಜಿನೇಂದ್ರನ ಅವ್ವ ಹೋಗಿ ಬಂದ್ಲು. ನೀ ಏನ ಕಡಿಮಿ?"

ಲಕ್ಕವ್ವನಿಗೆ ಬೇಡವಾಗಿದ್ದ ಕಾರಣ ಬೇರೆ ಇತ್ತು. ಶ್ರಾವಣದಿಂದ ಅವಳ ಎಡಗಡೆಯ ಎದೆಯಲ್ಲಿ ಒಂದು ಗಂಟು ಕೂತಿತ್ತು. ಮೊದಲು ಹುಣಸೆಬೀಜದಷ್ಟಿದ್ದದ್ದು ಸಂಕ್ರಾಂತಿಯ ಹೊತ್ತಿಗೆ ಲಿಂಬೆಕಾಯಿಯಷ್ಟಾಗಿತ್ತು. ನೋವು ಇರಲಿಲ್ಲ, ಅದೇ ಅವಳಿಗೆ ಧೈರ್ಯ. ದಿನಾ ಅರಿಷಿಣ ಹಚ್ಚಿಕೊಳ್ಳುತ್ತಿದ್ದಳು, ದೇವರಿಗೆ ಹರಕೆ ಹೊತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಗಂಡ ಸತ್ತ ಮೇಲೆ ತನ್ನ ಮೈ ಎನ್ನುವುದು ಇನ್ನೊಬ್ಬರ ಹತ್ತಿರ ಮಾತಾಡುವ ವಿಷಯವೇ ಅಲ್ಲ ಎಂದು ಆಕೆ ತೀರ್ಮಾನ ಮಾಡಿಕೊಂಡು ಎಷ್ಟೋ ವರ್ಷವಾಗಿತ್ತು. ಗಂಟು ಕುಪ್ಪಸದ ಮೇಲಿಂದ ಕಾಣತೊಡಗಿದಾಗ, ನಡುವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆ-ಅಡಿಕೆಯ ಸಂಚಿಯನ್ನು ಕುಪ್ಪಸದೊಳಗೆ ಎಡಕ್ಕೆ ಇಟ್ಟುಕೊಳ್ಳಲು ಸುರುಮಾಡಿದಳು. ನೋಡಿದವರು ಸಂಚಿ ಎಂದುಕೊಂಡರು.

ಸೊಸೆ ಕೋಮಲ ಒಮ್ಮೆ ಕೇಳಿದ್ದಳು: "ಸಂಚಿ ಅಲ್ಲ್ಯಾಕ ಇಟಗೊಂಡೀರಿ ಅತ್ತಿ?"

"ನಡುವಿನಾಗ ಇದ್ರ ಕುಂಡ್ರೂಮುಂದ ಚುಚ್ಚತೈತಿ ಬೇ."

ಕೋಮಲ ಮತ್ತೆ ಕೇಳಲಿಲ್ಲ. ಆಕೆಗೆ ಹಾಲು ಹಿಂಡುವುದಿತ್ತು.

ಅಂತೂ ಸಂಕ್ರಾಂತಿ ಮುಗಿಯುತ್ತಲೇ ಲಕ್ಕವ್ವ, ಬಾಬಾಸಾಹೇಬ, ಅಥಣಿಯಲ್ಲಿ ಕಾಲೇಜು ಓದುವ ಮೊಮ್ಮಗ ಅಮಿತ ಮೂವರೂ ಹೊರಟರು. ದನಕರು ನೋಡಿಕೊಳ್ಳಲು ಕೋಮಲ ಮನೆಯಲ್ಲೇ ಉಳಿದಳು. ಅಡಕೊತ್ತು ಹರಿತದ ವಸ್ತು, ಜೊತೆಯಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಅಮಿತ ಅದನ್ನು ದೊಡ್ಡ ಬ್ಯಾಗಿಗೆ ಹಾಕಿದ. ಸಂಚಿಯೊಳಗಿನ ತಗಡಿನ ಸುಣ್ಣದ ಡಬ್ಬಿ ಯಾರಿಗೂ ನೆನಪಾಗಲಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲು ದಾಟುತ್ತಲೇ ಲಕ್ಕವ್ವನ ತಲೆಯ ಮೇಲೆ ಅದು ಕೂಗಿಕೊಂಡಿತು. ಸಮವಸ್ತ್ರದ ಹುಡುಗಿಯೊಬ್ಬಳು ಕೈಯಲ್ಲಿ ಕೋಲಿನಂಥ ಯಂತ್ರ ಹಿಡಿದು ಮುಂದೆ ಬಂದಳು. ಹೆಸರು ಕಾಂಚನ, ರಾಯಬಾಗ ತಾಲೂಕಿನ ದಿಗ್ಗೇವಾಡಿಯವಳು, ಗುತ್ತಿಗೆ ಕಂಪನಿಯ ಕೆಲಸ. ಇದೆಲ್ಲ ಆಮೇಲೆ ಗೊತ್ತಾದದ್ದು.

"ಆಯಿ, ಒಳಗ ಏನೈತ್ರಿ?"

"ಎಲಿ ಅಡಿಕಿ ಸಂಚಿ ಐತಿ ಬೇ."

"ತಗದ ಈ ಟ್ರೇದಾಗ ಇಡ್ರಿ."

ಎಲ್ಲಿಂದ ತೆಗೆಯುವುದು? ಆಚೆ ಸಾಲಿನಲ್ಲಿ ಗಂಡಸರು ಬೆಲ್ಟು ಬಿಚ್ಚುತ್ತ ಇತ್ತ ನೋಡುತ್ತಿದ್ದಾರೆ. ಮಗ ಅಲ್ಲೇ ನಿಂತಿದ್ದಾನೆ. ಲಕ್ಕವ್ವ ಸೆರಗು ಬಿಗಿ ಹಿಡಿದು ನೆಲ ನೋಡಿದಳು. ಹುಡುಗಿಗೆ ತಿಳಿಯಿತು. "ಬರ್ರಿ, ಒಳಗ ಹೋಗೂನು" ಎಂದು ಪಕ್ಕದ ಪರದೆಯ ಹಿಂದಕ್ಕೆ ಕರೆದೊಯ್ದಳು.

ಸಂಚಿ ಹೊರಗೆ ಬಂತು. ಯಂತ್ರ ಸುಮ್ಮನಾಯಿತು. ನಿಯಮದಂತೆ ಹುಡುಗಿ ಹಿಂಗೈಯಿಂದ ಮುಟ್ಟಿ ನೋಡಿದರೆ ಸಂಚಿ ಇದ್ದ ಜಾಗದಲ್ಲೇ ಇನ್ನೊಂದು ಗಟ್ಟಿ ವಸ್ತು.

"ಇಲ್ಲಿ ಮತ್ತೇನೈತಿ ಆಯಿ?"

"ಏನಿಲ್ಲವಾ."

"ಗಟ್ಟಿ ಹತ್ತತೈತಲ್ರಿ. ನಾ ನೋಡಬೇಕಾಕ್ಕೈತಿ, ತಪ್ಪ ತಿಳೀಬ್ಯಾಡ್ರಿ."

ಕುಪ್ಪಸದ ಎರಡು ಗುಂಡಿ ಬಿಚ್ಚಬೇಕಾಯಿತು. ಹುಡುಗಿ ನೋಡಿದಳು, ಬಾಗಿ ಮತ್ತೆ ನೋಡಿದಳು. ಕೈಯಲ್ಲಿದ್ದ ಯಂತ್ರವನ್ನು ಕುರ್ಚಿಯ ಮೇಲಿಟ್ಟು ತಾನೇ ಗುಂಡಿ ಹಾಕಿದಳು, ಸೆರಗು ಸರಿಮಾಡಿದಳು.

"ಇದು ಎಷ್ಟ ದಿವಸ ಆತ್ರಿ ಆಯಿ? ದವಾಖಾನಿಗೆ ತೋರಿಸೀರಿ?"

"ಏನ ತೋರಸೂದು? ಗಂಡಸ ಡಾಕ್ಟರಗೋಳು."

"ಹೆಣ್ಣ ಡಾಕ್ಟರೂ ಇರ್ತಾರ್ರಿ. ನಮ್ಮ ಅತ್ತಿಗೂ ಹಿಂಗ ಆಗಿತ್ತು, ಅಕಿನೂ ಮುಚ್ಚಿ ಇಟಗೊಂಡಿದ್ಲು. ಉಳೀಲಿಲ್ಲ. ಲಗೂನ ತೋರಸ್ರಿ. ಹೊರಗ ನಿಮ್ಮ ಮಗ ಅದಾರಲ್ಲ, ನಾ ಹೇಳ್ಲಿ?"

ಲಕ್ಕವ್ವ ಆ ಹುಡುಗಿಯ ಎರಡೂ ಕೈ ಗಟ್ಟಿ ಹಿಡಿದಳು. "ಬ್ಯಾಡ ನಮ್ಮವ್ವಾ, ನಿನ್ನ ಕಾಲ ಬೀಳ್ತೀನಿ. ಯಾರ ಮುಂದನೂ ಹೇಳಬ್ಯಾಡ. ಆಣಿ ಮಾಡ."

"ಹೇಳೂದಿಲ್ರಿ, ಆಣಿ ಐತಿ. ಆದ್ರ ನೀವು ತೋರಸ್ತೀನಂತ ಆಣಿ ಮಾಡ್ರಿ."

"ತೋರಸ್ತೀನಿ."

ಇಬ್ಬರೂ ಮಾತು ಕೊಟ್ಟರು. ಹುಡುಗಿ ಮಾತ್ರ ಉಳಿಸಿಕೊಂಡಳು.

ಪರದೆ ಸರಿಸಿ ಹೊರಗೆ ಬಂದ ಲಕ್ಕವ್ವನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಇಷ್ಟು ತಿಂಗಳು ತನ್ನೊಳಗೇ ಇದ್ದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದೇ ಅವಳಿಗೆ ಸಿಡಿಲು ಬಡಿದಂತಾಗಿತ್ತು. "ಉಳೀಲಿಲ್ಲ" ಎಂಬ ಒಂದು ಮಾತು ಕಿವಿಯಲ್ಲೇ ಇತ್ತು.

"ಯಾಕವ್ವಾ? ಏನ ಮಾಡಿದ್ರು?" ಬಾಬಾಸಾಹೇಬ ಓಡಿ ಬಂದ.

ಏನಾದರೂ ಹೇಳಬೇಕಿತ್ತು. "ಕುಪ್ಪಸದಾಗ ಕೈ ಹಾಕಿ ಹುಡಿಕಿದ್ಲೋ ಬಾಬಾ" ಎಂದುಬಿಟ್ಟಳು.

ಅಷ್ಟೇ. ಬಾಬಾಸಾಹೇಬ ಅಲ್ಲೇ ಕೂಗಾಡಿದ. ಕನ್ನಡದಲ್ಲಿ ಬೈದ, ಮರಾಠಿಯಲ್ಲಿ ಬೈದ, ಬರುವಷ್ಟು ಹಿಂದಿಯಲ್ಲೂ ಬೈದ. ಅಮಿತ ಫೋನು ಎತ್ತಿದರೆ ಅಲ್ಲಿ ಫೋಟೋ ತೆಗೆಯುವಂತಿಲ್ಲ ಎಂದು ಇನ್ನೊಬ್ಬ ಬಂದು ಇಳಿಸಿದ. ಕಾಂಚನ ತಲೆ ತಗ್ಗಿಸಿ ನಿಂತಿದ್ದಳು, ಒಂದೇ ಒಂದು ಸಲ ಲಕ್ಕವ್ವನ ಮುಖ ನೋಡಿದಳು. ಲಕ್ಕವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಕಾಶಿಯಿಂದ ಬಂದ ಮೇಲೆ ಮನೆಯಲ್ಲಿ ಗಂಗೆಯ ಸುದ್ದಿ ಯಾರೂ ಎತ್ತಲಿಲ್ಲ. ಅಮಿತ ಅಜ್ಜಿಯನ್ನು ಪಡಸಾಲೆಯ ಕಾಟಿನ ಮೇಲೆ ಕೂಡಿಸಿ ಫೋನು ಹಿಡಿದ.

"ಆಯಿ, ಏನೇನಾತು ಎಲ್ಲಾ ಹೇಳ."

"ಬ್ಯಾಡೋ ಅಮ್ಯಾ. ಆದದ್ದ ಆತು."

"ನೀ ಹೇಳವ್ವಾ. ಸುಮ್ನ ಬಿಟ್ರ ನಾಳೆ ಇನ್ನೊಬ್ಬರಿಗೆ ಮಾಡ್ತಾರ" ಎಂದ ಬಾಬಾಸಾಹೇಬ.

ಲಕ್ಕವ್ವ ಅರ್ಧ ಹೇಳಿದಳು. ಆ ಹುಡುಗಿ ಪರದೆಯ ಹಿಂದೆ ಕರೆದಳು, ಗುಂಡಿ ಬಿಚ್ಚಿಸಿದಳು, ಮುಟ್ಟಿದಳು. ಉಳಿದರ್ಧ ಹೇಳಲಿಲ್ಲ. ಅಮಿತ ಆ ವಿಡಿಯೋಕ್ಕೆ ಅಳುವ ಹಾಡೊಂದನ್ನು ಕೂಡಿಸಿ ಎಲ್ಲರಿಗೂ ಹೋಗುವಂತೆ ಬಿಟ್ಟ. ನಾಲ್ಕು ದಿನದಲ್ಲಿ ಅದು ಚಿಕ್ಕೋಡಿ, ನಿಪ್ಪಾಣಿ ದಾಟಿ ಸಾಂಗಲಿಯ ತನಕ ಹೋಯಿತು. ಮುಖ ಪರಿಚಯವಿಲ್ಲದವರೆಲ್ಲ ಲಕ್ಕವ್ವನಿಗೆ ತಾಯಿ ಎಂದು ಬರೆದರು, ಆ ಹುಡುಗಿಗೆ ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ. ಊರವರು ಮಾತಾಡಿಸಲು ಬರತೊಡಗಿದರು. ಬಂದವರಿಗೆಲ್ಲ ಕೋಮಲ ಚಹಾ ಮಾಡಿದಳು. ಹಾಲು ಡೇರಿಗೆ ಹಾಕಲು ಉಳಿಯುತ್ತಿರಲಿಲ್ಲ.

ಬಾಬಾಸಾಹೇಬ ಅವ್ವನ ಹೆಸರಿನಲ್ಲಿ ದೂರು ಬರೆದು ಕಳಿಸಿದ. ತನಿಖೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಕಂಪನಿ ಕಾಂಚನಳಿಗೆ ಹೇಳಿತು ಎಂಬ ಸುದ್ದಿಯೂ ಬಂತು. ಅದರ ಬೆನ್ನಿಗೇ ರಾಯಬಾಗದ ಕಡೆಯವರೊಬ್ಬರು ಆಕೆ ಯಾರ ಮಗಳು ಎಂಬುದನ್ನು ಬಾಬಾಸಾಹೇಬನಿಗೆ ತಿಳಿಸಿದರು.

ಆ ಸಂಜೆ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯದೆ ಕೂತಿದ್ದ.

"ದಿಗ್ಗೇವಾಡಿ ಭರಮು ಅನ್ನಾಂವನ ಮಗಳಂತ. ಉಗಾರ ಫ್ಯಾಕ್ಟರಿಗೆ ಕಬ್ಬ ಕಡಿಯೂ ಗ್ಯಾಂಗಿನಾಂವ. ಬುದ್ಧ ವಿಹಾರದ ಓಣಿಯಾಂವ."

"ಅದಕ್ಕೇನೀಗ?" ಎಂದಳು ಕೋಮಲ.

"ಅದಕ್ಕೇನಂದ್ರ? ಅಂಥಾ ಕೈ ನಮ್ಮವ್ವನ ಮೈಮ್ಯಾಲ!"

"ಕಬ್ಬ ಕಡಿಯಾಕ ಆ ಕೈ ಆಕ್ಕಾವು. ದ್ರಾಕ್ಷಿ ಹರಿಯಾಕ ಆಕ್ಕಾವು. ಅವರು ಹರದಿದ್ದನ್ನ ನಾವ ತಿಂತೀವಿ."

"ನೀ ಸುಮ್ನ ಬಡಸ."

"ಬಡಸೂದ ಬಡಸ್ತೀನಿ. ಹುಡುಗಿ ಅಕಿ ಕೆಲಸ ಅಕಿ ಮಾಡ್ಯಾಳ."

ಬಾಬಾಸಾಹೇಬ ತಾಟು ಸರಿಸಿ ಎದ್ದು ಹೋದ. ಅಮಿತ ಫೋನಿನಿಂದ ತಲೆ ಎತ್ತಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಲಕ್ಕವ್ವ ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಕುಪ್ಪಸದ ಗುಂಡಿ ಹಾಕಿದ ಕೈಗಳ ಬಗ್ಗೆ ಮಾತು ನಡೆದಿದೆ ಎಂದು ಆಕೆಗೆ ಗೊತ್ತಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಎದ್ದು ಕೈ ತೊಳೆದುಕೊಂಡಳು.

ದ್ರಾಕ್ಷಿ ಕೊಯ್ಲು ಸುರುವಾಯಿತು. ಶೆಡ್ಡಿನಲ್ಲಿ ಬಲೆಯ ಮೇಲೆ ಬಲೆ ದ್ರಾಕ್ಷಿ ಹರಡಿತು. ಬಾಬಾಸಾಹೇಬನಿಗೆ ಮೋಡ ಕಂಡರೆ ಹೆದರಿಕೆ, ಗಾಳಿ ನಿಂತರೆ ಹೆದರಿಕೆ. ಮನೆಯ ಕೆಲಸವೆಲ್ಲ ಹೆಂಗಸರ ಮೇಲೆ ಬಿತ್ತು. ಪ್ರತಿ ವರ್ಷ ಈ ಹೊತ್ತಿಗೆ ಕೆಲಸದವರಿಗೂ ಸೇರಿಸಿ ರೊಟ್ಟಿ ಬಡಿಯುತ್ತಿದ್ದವಳು ಲಕ್ಕವ್ವ. ಅವಳಂಥ ತೆಳು ರೊಟ್ಟಿ ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಈ ವರ್ಷ ಅವಳು ಬಲಗೈ ಒಂದರಿಂದಲೇ ತಟ್ಟುತ್ತಿದ್ದಳು, ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು.

"ಎಡಗೈಗೆ ಏನಾಗೈತ್ರಿ?" ಎಂದು ಕೋಮಲ ಕೇಳಿದಳು.

"ವಯಸ್ಸಾತಲ್ಲ."

ಎಡಗೈ ಮೇಲೆತ್ತಲು ಬಾರದೆ ಲಕ್ಕವ್ವ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಳು. ತನ್ನ ಕುಪ್ಪಸ ತಾನೇ ಒಗೆದು, ಒಣಹಾಕುವಾಗ ಅದರ ಮೇಲೆ ಸೀರೆ ಹೊದಿಸುತ್ತಿದ್ದಳು. ಕೋಮಲ ಒಂದು ಮಧ್ಯಾಹ್ನ ಮಳೆ ಬರುವಂತಾಗಿ ಓಡಿ ಹೋಗಿ ಬಟ್ಟೆ ತೆಗೆದಾಗ ಸೀರೆಯಡಿಯ ಕುಪ್ಪಸ ಕೈಗೆ ಬಂತು. ಎಡಗಡೆ ತೊಳೆದರೂ ಹೋಗದ ಕಂದು ಕಲೆ ಇತ್ತು, ಎಲೆ-ಅಡಿಕೆಯ ಕಲೆ ಅಲ್ಲ. ಮೂಗಿನ ಹತ್ತಿರ ಹಿಡಿದಳು. ಕೀವಿನ ವಾಸನೆ.

ಕೋಮಲ ನೇರವಾಗಿ ಬಚ್ಚಲಮನೆಗೆ ಹೋದಳು. ಅತ್ತೆ ಒಳಗಿದ್ದಳು.

"ಬಾಗಲಾ ತಗೀರಿ ಅತ್ತಿ."

"ಜಳಕಾ ಮಾಡಾಕತ್ತೇನಿ ಬೇ, ಬುದ್ಧಿ ಐತಿಲ್ಲೋ?"

"ತಗೀರಿ. ಇಲ್ಲಂದ್ರ ಶೆಡ್ಡಿಗೆ ಹೋಗಿ ಅವರ್ನ ಕರಕೊಂಡ ಬರ್ತೀನಿ."

ಬಾಗಿಲು ತೆರೆಯಿತು. ಒದ್ದೆ ಸೀರೆ ಅವುಚಿಕೊಂಡು ಲಕ್ಕವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೋಮಲ ಸೀರೆ ಸರಿಸಿ ನೋಡಿದಳು. ಗಂಟು ಒಡೆದಿತ್ತು. ಕೋಮಲಳಿಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಎಂದು ಆಕೆಗೂ ತಿಳಿಯಲಿಲ್ಲ.

"ಯಾವಾಗಿಂದ್ರಿ?"

"ಶ್ರಾವಣದಿಂದ."

"ಶ್ರಾವಣ! ಮತ್ತ ಆ ಏರಪೋರ್ಟಿನ ಹುಡುಗಿ ಮುಟ್ಟಿದ್ಲಂತ ಅತ್ತಿರಲ್ಲ, ಅಕಿಗೆ ಇದು ಕಾಣ್ಲಿಲ್ಲೇನು?"

ಲಕ್ಕವ್ವ ಒದ್ದೆ ಸೀರೆಯನ್ನು ಮತ್ತೆ ಎದೆಗೆ ಎಳೆದುಕೊಂಡಳು.

"ಕಂಡೈತಿ. ಏನ ಹೇಳಿದ್ಲ ಹೇಳ್ರಿ."

"ದವಾಖಾನಿಗೆ ಹೋಗಂದ್ಲು."

ಕೋಮಲ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. "ನಿಮ್ಮ ಜೀವಾ ಉಳಸಾಕ ಹೇಳ್ಯಾಳ. ನೀವು ಅಕಿ ಅನ್ನ ಕಸಗೊಂಡ್ರಿ."

"ಯಾರ ಮುಂದನೂ ಹೇಳಬ್ಯಾಡ ಕೋಮಲಾ. ನನ್ನ ಆಣಿ. ಮಗನ ಮುಂದ ಇದನ್ನ ಹೆಂಗ ಹೇಳ್ತಿ? ಮೊಮ್ಮಗ ಅದಾನ ಮನ್ಯಾಗ. ನಾ ಸತ್ತರೂ ಸೈ."

ಆ ಸಂಜೆ ಕೋಮಲ ಗಂಡನಿಗೆ ಸುತ್ತು ಬಳಸಿ ಹೇಳಲು ನೋಡಿದಳು. "ಅತ್ತೀನ ಒಮ್ಮೆ ಮಿರಜಿಗೆ ಕರಕೊಂಡ ಹೋಗೂನ್ರಿ. ಕೈ ಏಳವಲ್ದು."

"ಬೇದಾಣಿ ಮನಿಗೆ ಬರ್ಲಿ. ಆಮ್ಯಾಲ ನೋಡೂನು."

"ಆಮ್ಯಾಲ ಅಂದ್ರ ತಡಾ ಆಕ್ಕೈತ್ರಿ."

"ಮೋಡ ಹಾಕೇತಿ, ನಿನಗ ಕಾಣವಲ್ದೇನು? ತಲಿ ತಿನ್ನಬ್ಯಾಡ."

ಆಣೆಯ ಹೆದರಿಕೆಯಿಂದ ಕೋಮಲ ಅಲ್ಲಿಗೆ ಬಿಟ್ಟಳು. ಬಿಡಬಾರದಿತ್ತು.

ಅದೇ ವಾರ ಕಾಂಚನ ಬಂದಳು. ಜೊತೆಗೆ ಅವಳ ತಾಯಿ ಅಕ್ಕುತಾಯಿ. ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು ಬಂದಿದ್ದರು. ಅಂಗಳದಲ್ಲಿ ಬೇದಾಣಿ ಆರಿಸುವ ಹೆಂಗಸರು ಕೂತಿದ್ದರು. ಬಾಬಾಸಾಹೇಬ, ಅಮಿತ, ವ್ಯಾಪಾರ ಮಾತಾಡಲು ಬಂದಿದ್ದ ಜಿನೇಂದ್ರ ಕಟ್ಟೆಯ ಮೇಲಿದ್ದರು. ಬಂದವರಿಗೆ ಕೂಡ್ರಿ ಎಂದು ಯಾರೂ ಹೇಳಲಿಲ್ಲ. ಕೋಮಲ ಒಳಗಿನಿಂದ ಎರಡು ಲೋಟ ನೀರು ತಂದು ಕೊಟ್ಟಳು, ಗಂಡ ಕಣ್ಣು ಕೆಂಪಗೆ ಮಾಡಿದರೂ ಕೊಟ್ಟಳು.

"ಆಯಿ ಕೂಡ ಎರಡ ಮಾತ ಆಡಬೇಕಿತ್ರಿ. ಒಳಗ, ಅವರೊಬ್ಬರ ಕೂಡ" ಎಂದಳು ಕಾಂಚನ.

"ಏನಿದ್ರೂ ಎಲ್ಲಾರ ಮುಂದ ಹೇಳ. ಪರದೆ ಹಿಂದಿಂದು ಮುಗೀತು" ಎಂದ ಬಾಬಾಸಾಹೇಬ. ಜಿನೇಂದ್ರ ನಕ್ಕ.

ಕಾಂಚನ ಆ ಗಂಡಸರನ್ನು ನೋಡಿದಳು, ಕೈ ನಿಲ್ಲಿಸಿ ಕಿವಿ ತೆರೆದು ಕೂತಿದ್ದ ಹೆಂಗಸರನ್ನೂ ನೋಡಿದಳು. ಆಗಲೇ ಬಾಗಿಲಿಗೆ ಬಂದು ನಿಂತಿದ್ದ ಲಕ್ಕವ್ವನ ಕಡೆ ತಿರುಗಿದಳು.

"ಆಯಿ, ನಾ ಯಾಕ ನೋಡಬೇಕಾತು ಅನ್ನೂದು ನಿಮಗ ಗೊತ್ತೈತಿ. ನಾ ಆಣಿ ಮಾಡೇನಿ, ನಾ ಹೇಳೂದಿಲ್ಲ. ನೀವ ಹೇಳ್ರಿ. ನೀವು ಹೇಳಿದ್ರ ಅಷ್ಟ ನನ್ನ ಕೆಲಸ ಉಳಿತೈತಿ. ಆಣಿ ಬಿಡಸ್ತೀನಂದ್ರ ನಾನ ಹೇಳ್ತೀನಿ."

"ಏನಾಣಿ? ಏನಂತಾಳವ್ವಾ ಇಕಿ?" ಬಾಬಾಸಾಹೇಬ ಎದ್ದು ನಿಂತ.

ಲಕ್ಕವ್ವನ ಬಲಗೈ ತಾನಾಗಿಯೇ ಸೆರಗಿನ ಮೇಲೆ ಹೋಯಿತು. "ನನಗೇನ ಗೊತ್ತೋ? ಏನೇನೋ ಅಂತಾಳ" ಎಂದು ಒಳಗೆ ನಡೆದಳು.

ಕಾಂಚನ ನಿಂತಲ್ಲೇ ನಿಂತಳು. ಒಂದು ಮಾತು ಹೇಳಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತು, ಅಲ್ಲೇ, ಆ ಅಂಗಳದಲ್ಲೇ. ಹೇಳಲಿಲ್ಲ. ಅಕ್ಕುತಾಯಿಯ ಸಹನೆ ಮುಗಿದಿತ್ತು.

"ಬಾ ಕಾಂಚೀ. ಮೂರ ವರ್ಷ ಓದಿಸಿ ನೌಕರಿಗೆ ಹಚ್ಚಿದ್ವಿ. ಮಾನಾ ಕಾದಿ ಅಂತ ನಿನಗ ಇವರು ಶಾಲು ಹೊದಿಸ್ತಾರ ಅನ್ಕೊಂಡೇನು?" ಬಾಬಾಸಾಹೇಬನ ಕಡೆ ತಿರುಗಿದಳು. "ಸಾವಕಾರ್ರ, ನಿಮ್ಮವ್ವನ ಮೈ ನೀವ ಕಾಯ್ರಿ ಇನ್ನ. ನನ್ನ ಮಗಳು ಕಾದದ್ದು ಸಾಕು."

ತಾಯಿ ಮಗಳು ಹೋದರು. ಲೋಟಗಳನ್ನು ತೊಳೆಯದೆ ಒಳಗೆ ತಂದ ಕೋಮಲ, ಅವುಗಳನ್ನು ಮನೆಯವರು ಕುಡಿಯುವ ನೀರಿನ ಗಡಿಗೆಯ ಮೇಲೆ ಇಟ್ಟಳು. ಕಟ್ಟೆಯ ಮೇಲೆ ಜಿನೇಂದ್ರ ಇನ್ನೂ ಇದ್ದ. ಆಕೆ ಗಂಡನನ್ನು ಅಡಿಗೆಮನೆಗೆ ಕರೆದಳು. ಆಣೆ ಗೀಣೆ ಎಲ್ಲ ಒಲೆಗೆ ಹಾಕಿದಳು.

"ಅತ್ತಿಗೆ ಎದ್ಯಾಗ ಗಂಟೈತ್ರಿ. ಒಡದೈತಿ, ಕೀವ ಬರಾಕತ್ತೈತಿ. ಆ ಹುಡುಗಿ ನೋಡಿದ್ದು ಅದನ್ನ. ದವಾಖಾನಿಗೆ ಹೋಗಂತ ಹೇಳ್ಯಾಳ. ಅದ ಅಕಿ ಮಾಡಿದ ತಪ್ಪು."

ಬಾಬಾಸಾಹೇಬ ತಿರುಗಿ ಕಟ್ಟೆಯ ಕಡೆ ನೋಡಿದ. ಆಮೇಲೆ ಅವನು ಕೇಳಿದ ಮೊದಲ ಮಾತು, "ಜಿನೇಂದ್ರಗ ಕೇಳಿಸ್ತೇನು?"

ಮರುದಿನ ಬೇದಾಣಿಯನ್ನು ಆಳುಗಳ ಕೈಗೆ ಬಿಟ್ಟು ಮಿರಜಿಗೆ ಹೋದರು. ಹೆಣ್ಣು ಡಾಕ್ಟರೇ ಸಿಕ್ಕರು. ಅವರು ಕೋಮಲಳನ್ನು ಬದಿಗೆ ಕರೆದು ಮರಾಠಿಯಲ್ಲಿ ಕೇಳಿದರು, ಮನೆಯಲ್ಲಿ ಇಷ್ಟು ಮಂದಿ ಇದ್ದೀರಿ, ಯಾರೂ ನೋಡಲಿಲ್ಲವೇ ಎಂದು. ರೋಗ ಬಗಲಿಗೆ ಹೋಗಿದೆ, ಪುಪ್ಪುಸಕ್ಕೂ ಹೋಗಿರಬಹುದು, ಸಂಕ್ರಾಂತಿಯ ಹೊತ್ತಿಗೆ ತಂದಿದ್ದರೆ ಬೇರೆ ಮಾತಾಡುತ್ತಿದ್ದೆ ಎಂದರು. ಎದೆ ತೆಗೆದರು. ಔಷಧ ಸುರುಮಾಡಿದರು. ಲಕ್ಕವ್ವನ ಕೂದಲು ದಿಂಬಿನ ಮೇಲೆ ಉದುರತೊಡಗಿತು. ನಾಲಿಗೆಗೆ ಏನೂ ಹತ್ತುತ್ತಿರಲಿಲ್ಲ, ಕೋಮಲ ಗಂಜಿ ಮಾಡಿದರೆ ಎರಡು ಗುಟುಕು ಕುಡಿದು ಲೋಟ ಸರಿಸುತ್ತಿದ್ದಳು. ಊರವರಿಗೆ ಕರುಳಿನ ಆಪರೇಶನ್ ಎಂದು ಬಾಬಾಸಾಹೇಬ ಹೇಳಿದ.

ಆ ವಿಡಿಯೋ ಇನ್ನೂ ಓಡಾಡುತ್ತಿತ್ತು.

"ಅದನ್ನ ತಗದ ಹಾಕ ಅಮಿತ. ಖರೇ ಏನೈತಿ ಅನ್ನೂದು ಇನ್ನೊಂದ ವಿಡಿಯೋದಾಗ ಹೇಳ" ಎಂದಳು ಕೋಮಲ.

ಅಮಿತನ ಮುಖ ಸಣ್ಣದಾಯಿತು. "ನಾ ತಗದೇನಿ ಮಮ್ಮಿ. ಉಳದವರ ಹತ್ರ ಐತಲ್ಲ. ಖರೇ ಹೇಳಾಕ ನಾ ತಯಾರ ಅದೀನಿ, ಪಪ್ಪಾ..."

"ನಿಮ್ಮಾಯಿ ಎದಿ ವಿಷಯಾ ಊರ ಮುಂದ ಇಡ್ತಿಯೇನಲೇ?" ಎಂದು ಗದರಿದ ಬಾಬಾಸಾಹೇಬ.

"ಮೊದಲನೇ ವಿಡಿಯೋದಾಗ ಏನ ಇಟ್ಟಿದ್ರಿ ನೀವು?" ಎಂದಳು ಕೋಮಲ. ಮಾತಿಗೆ ಸಿಕ್ಕಿಬಿದ್ದಾಗ ಬಾಬಾಸಾಹೇಬ ತೋಟಕ್ಕೆ ಹೋಗುತ್ತಾನೆ, ಆವತ್ತೂ ಹೋದ.

ಆದರೆ ಅವನು ಮನುಷ್ಯನೇ, ಕಲ್ಲಲ್ಲ. ಎರಡು ದಿನ ಬಿಟ್ಟು ತಾಯಿಯ ಕಾಲ ಹತ್ತಿರ ಕೂತು ಹೇಳಿದ: "ಅವ್ವಾ, ಕಂಪನಿಯವರು ಫೋನ್ ಮಾಡ್ತಾರಂತ. ದೂರ ಕೊಟ್ಟಾಕಿ ಬಾಯಿಲೆ ಒಮ್ಮೆ ಕೇಳಿ ಮುಗಸ್ತಾರಂತ. ನೀ ಖರೇ ಹೇಳಾಕಿದ್ರ ಹೇಳ, ನಾ ಅಡ್ಡ ಬರೂದಿಲ್ಲ. ನನ್ನ ಬಾಯಿಲೆ ಹೇಳಸಬ್ಯಾಡ ಅಷ್ಟ."

"ಹೇಳ್ತೀನೋ. ಆ ಹುಡುಗಿ ಪಾಪ ನನಗ ಬ್ಯಾಡ" ಎಂದಳು ಲಕ್ಕವ್ವ. ಆ ದಿನ ಆಕೆ ಅರ್ಧ ರೊಟ್ಟಿ ಹಾಲಲ್ಲಿ ಅದ್ದಿ ತಿಂದಳು. ಕೋಮಲಳಿಗೆ ಸಮಾಧಾನವಾಯಿತು. ದಿಗ್ಗೇವಾಡಿಗೆ ಹೋಗಿ ತಾನೇ ಸುದ್ದಿ ಮುಟ್ಟಿಸಬೇಕೆಂದೂ ಅಂದುಕೊಂಡಳು.

ಫೋನು ಬಂದದ್ದು ಬೆಳಗಿನ ಅಡಿಗೆಯ ಹೊತ್ತಿಗೆ. ಕೋಮಲ ಹಿಟ್ಟಿನ ಕೈ ಒರೆಸಿಕೊಂಡು ಬಂದು ಗಂಡನನ್ನೂ ಮಗನನ್ನೂ ಹೊರಗೆ ಕಳಿಸಿದಳು. ಪಡಸಾಲೆಯ ಬಾಗಿಲು ಹಾಕಿದಳು. ಫೋನನ್ನು ಅತ್ತೆಯ ದಿಂಬಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

ಗಂಡಸಿನ ದನಿ, ದಕ್ಷಿಣದ ಕಡೆಯ ಕನ್ನಡ. "ಲಕ್ಕವ್ವ ಅವರಾ? ನಾವು ಇಲ್ಲಿ ಇಬ್ಬರು ಆಫೀಸರ್ಸ್ ಇದೀವಮ್ಮ. ರೆಕಾರ್ಡ್ ಆಗ್ತಿದೆ. ಆ ಹುಡುಗಿ ಏನು ಬರೆದುಕೊಟ್ಟಿದಾಳೆ ಅಂದ್ರೆ, ಬಟ್ಟೆ ಬಿಚ್ಚಿಸೋಕೆ ಒಂದು ಕಾರಣ ಇತ್ತು, ಅದನ್ನ ನಾನು ಹೇಳಲ್ಲ, ಅವರೇ ಹೇಳಬೇಕು ಅಂತ. ಏನಮ್ಮ ಕಾರಣ?"

ಲಕ್ಕವ್ವ ಬಾಯಿ ತೆರೆದಳು. "ಅದು... ಸಾಹೇಬರ..."

"ಹೇಳಿ. ಎಲ್ಲಿ ಮುಟ್ಟಿದ್ಲು? ಅಲ್ಲಿ ಏನಾದ್ರೂ ಇತ್ತಾ?"

ಕೋಮಲ ಅತ್ತೆಯ ಕೈ ಹಿಡಿದಳು. "ಹೇಳ್ರಿ ಅತ್ತಿ" ಎಂದು ತುಟಿಯಲ್ಲೇ ಅಂದಳು. ಲಕ್ಕವ್ವ ಫೋನನ್ನೇ ನೋಡುತ್ತಿದ್ದಳು, ಅದರೊಳಗಿನಿಂದ ಇಬ್ಬರು ಗಂಡಸರು ತನ್ನನ್ನು ನೋಡುತ್ತಿದ್ದಾರೇನೋ ಎಂಬಂತೆ. ಇನ್ನೊಂದು ಕೈ, ಈಗ ಏನೂ ಉಳಿಯದ ಎಡಗಡೆಯ ಮೇಲೆ ಸೆರಗು ಎಳೆದುಕೊಂಡಿತು.

"ಅಮ್ಮಾ, ಟೈಮಿಲ್ಲ ನಮಗೆ. ಏನಾದ್ರೂ ಇತ್ತಾ, ಇಲ್ವಾ?"

"ಇಲ್ರಿ" ಎಂದಳು ಲಕ್ಕವ್ವ. "ಏನಿರಲಿಲ್ರಿ."

"ಹಾಗಾದ್ರೆ ದೂರಲ್ಲಿ ಬರೆದಿದ್ದು ನಿಜಾನಾ?"

"ಹೂಂ."

ಕೋಮಲ ಫೋನು ಕಸಿದುಕೊಂಡಳು. "ಸಾಹೇಬರ, ನಾ ಅವರ ಸೊಸಿ ಮಾತಾಡಾಕತ್ತೇನ್ರಿ. ಖರೇ ಅಂದ್ರ..."

"ನೀವು ಅಲ್ಲಿದ್ರೇನಮ್ಮ ಆವತ್ತು?"

"ಇಲ್ರಿ, ಆದ್ರ..."

"ಸಂಬಂಧಪಟ್ಟವರೇ ಹೇಳಿ ಆಯ್ತಲ್ಲ. ಇಡ್ತೀನಿ."

ಫೋನು ಸತ್ತಿತು. ಕೋಮಲ ಅದೇ ನಂಬರಿಗೆ ಮತ್ತೆ ಮತ್ತೆ ಮಾಡಿದಳು, ಯಾರೂ ಎತ್ತಲಿಲ್ಲ. ಒಳಗೆ ಹಂಚಿನ ಮೇಲೆ ಬಿಟ್ಟುಬಂದ ರೊಟ್ಟಿ ಸೀದು ಹೊಗೆ ಪಡಸಾಲೆಗೆ ಬರುತ್ತಿತ್ತು. ಆಕೆ ಹೋಗಿ ಅದನ್ನು ತೆಗೆಯಲಿಲ್ಲ.

ಲಕ್ಕವ್ವ ಗೋಡೆಯ ಕಡೆ ಹೊರಳಿದಳು.

"ಗಂಡಸರು ಬೇ ಅವರು. ಹೆಂಗ ಹೇಳ್ಲಿ? ಒಬ್ಬ ಹೆಣ್ಣಮಗಳು ಕೇಳಿದ್ರ ಹೇಳ್ತಿದ್ನಿ."

"ಹೆಣ್ಣಮಗಳ ಕೇಳಿದ್ಲಲ್ರಿ ಅತ್ತಿ" ಎಂದಳು ಕೋಮಲ. "ನಮ್ಮ ಅಂಗಳದಾಗ ನಿಂತು ಕೇಳಿದ್ಲು."